ಎಳೆಯ ಬೇಸ್‌ಬಾಲ್ ಆಟಗಾರರ ಶೋಧ ಮತ್ತು ಕೌಶಲಮಾಪನ

ಶಾಲೆ, ಕಾಲೇಜು, ಊರ ಕ್ಲಬ್ಬುಗಳಲ್ಲಿ ಬೇಸ್‌ಬಾಲ್ ಆಡುವ ಹುಡುಗರನ್ನು ವೃತ್ತಿಪರ ತಂಡಗಳ ಪರವಾಗಿ ನೋಡಿ, ಅಳೆದು, ಮುಂದೆ ಅವರು ಎಂಥ ಆಟಗಾರರಾಗಬಲ್ಲರೆಂದು ಅಂದಾಜು ಬರೆದುಕೊಡುವ ಕಸುಬು. ಇದಕ್ಕೆ ಸ್ಕೌಟಿಂಗ್ ಎಂದೂ ಕಸುಬುದಾರನಿಗೆ ಸ್ಕೌಟ್ ಎಂದೂ ಹೆಸರು. ಅಮೆರಿಕದ ಮೇಜರ್ ಲೀಗ್‌ನ 30 ತಂಡಗಳು ಇದರ ಮುಖ್ಯ ಪೋಷಕರು. ಜಪಾನಿನಲ್ಲೂ ಇದಕ್ಕೆ ಹಳೆಯ ಬೇರುಗಳಿವೆ.

ಕ್ರಿಕೆಟ್ ಬಲ್ಲವರಿಗೆ ಒಂದು ವ್ಯತ್ಯಾಸವನ್ನು ಮೊದಲೇ ಹೇಳಬೇಕು. ರಣಜಿಯಲ್ಲಿ ಮಿಂಚಿದ ಹತ್ತೊಂಬತ್ತರ ಹುಡುಗ ಬೇಗನೆ ಭಾರತದ ಟೋಪಿ ತೊಟ್ಟರೆ ನಮಗೆ ಅಚ್ಚರಿಯಿಲ್ಲ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಹದಿನೆಂಟಕ್ಕೆ ಆಯ್ಕೆಯಾದವನು ಮೈನರ್ ಲೀಗ್‌ಗಳ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತ ಮೂರೋ ನಾಲ್ಕೋ, ಒಮ್ಮೊಮ್ಮೆ ಆರೋ ವರ್ಷ ಕಳೆಯುತ್ತಾನೆ. ಬಹುಪಾಲು ಜನ ಮೇಲಿನ ಮೆಟ್ಟಿಲನ್ನು ಕಾಣುವುದೇ ಇಲ್ಲ. ಹೀಗಾಗಿ ಸ್ಕೌಟ್ ನೋಡಬೇಕಾದದ್ದು ಇವತ್ತಿನ ಹುಡುಗನನ್ನಲ್ಲ, ಅವನೊಳಗೆ ಇನ್ನೂ ಹುಟ್ಟದ ಇಪ್ಪತ್ತೈದರ ಗಂಡಸನ್ನು. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯ ಮೇಲೆ ಕೋಟಿಗಟ್ಟಲೆ ಹಣ ಕಟ್ಟುವ ಉದ್ಯೋಗವಿದು. ಗಾದೆ ಸೋತದ್ದೇ ಹೆಚ್ಚು.

ಐದು ಗುಣ, ಎರಡು ಅಂಕ

ಚೆಂಡೆಸೆಯುವ ಪಿಚರ್ ಅಲ್ಲದ ಆಟಗಾರನಲ್ಲಿ ಸ್ಕೌಟ್‌ಗಳು ನೋಡುವುದು ಐದು ‘ಟೂಲ್’ಗಳನ್ನು: ಚೆಂಡಿಗೆ ಬ್ಯಾಟನ್ನು ತಪ್ಪದೆ ತಾಗಿಸುವ ಕೈಚಳಕ, ಚೆಂಡನ್ನು ದೂರ ಅಟ್ಟುವ ಬಲ, ಓಟ, ಫೀಲ್ಡಿಂಗ್, ಎಸೆತದ ತೋಳು. ಐದೂ ಒಬ್ಬನಲ್ಲೇ ಕೂಡಿಬಂದರೆ ಅವನು ‘ಫೈವ್ ಟೂಲ್ ಪ್ಲೇಯರ್’. ವಿಲ್ಲೀ ಮೇಸ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಪಿಚರ್‌ನಲ್ಲಾದರೆ ಫಾಸ್ಟ್‌ಬಾಲ್, ಕರ್ವ್, ಸ್ಲೈಡರ್, ಚೇಂಜಪ್ ಒಂದೊಂದಕ್ಕೂ ಬೇರೆ ಬೇರೆ ಅಂಕ. ಜೊತೆಗೆ ಚೆಂಡು ಹೇಳಿದ ಕಡೆ ಬೀಳುತ್ತದೆಯೇ ಎಂಬುದಕ್ಕೊಂದು.

ಅಂಕ ಕೊಡುವ ಕ್ರಮ ವಿಚಿತ್ರವಾದದ್ದು: ಕನಿಷ್ಠ 20, ಗರಿಷ್ಠ 80. ನಡುವಿನ 50 ಎಂದರೆ ಮೇಜರ್ ಲೀಗ್‌ನ ಸಾಧಾರಣ ಆಟಗಾರನ ಮಟ್ಟ, ಶಾಲಾ ತಂಡದ ಸಾಧಾರಣ ಮಟ್ಟವಲ್ಲ. ಸರಾಸರಿಯಿಂದ ಹತ್ತು ಅಂಕ ಆಚೆ ಈಚೆ ಆದರೆ ಸಂಖ್ಯಾಶಾಸ್ತ್ರದಲ್ಲಿ ಒಂದು ಪ್ರಮಾಣ ವಿಚಲನೆಯಷ್ಟು ದೂರ ಎಂದು ಲೆಕ್ಕ. ಎರಡೂ ಬದಿಗೆ ಮೂರು ಮೂರು ಹೆಜ್ಜೆ ಹಾಕಿದರೆ 20 ಮತ್ತು 80 ಸಿಗುತ್ತವೆ. ಈ ಅಳತೆಗೋಲನ್ನು ಬಳಕೆಗೆ ತಂದವನು ತಂಡಗಳ ನಿರ್ವಾಹಕ ಬ್ರಾಂಚ್ ರಿಕಿ ಎಂದು ವಾಡಿಕೆಯ ಮಾತು.

ಆದರೆ ಈ ಪದ್ಧತಿಯ ಜೀವಾಳ 20–80ರಲ್ಲಿಲ್ಲ. ಪ್ರತಿ ಗುಣಕ್ಕೂ ಎರಡೆರಡು ಅಂಕ ಬರೆಯುವುದರಲ್ಲಿದೆ. ಒಂದು ಇವತ್ತಿನದು, ಇನ್ನೊಂದು ಮುಂದಿನದು. ಹದಿನೇಳರ ಹುಡುಗನ ಬ್ಯಾಟಿಂಗ್‌ಗೆ ‘30, 60’ ಎಂದು ಬರೆದರೆ, ಇವತ್ತು ಇವನನ್ನು ಮೇಜರ್ ಲೀಗ್‌ನಲ್ಲಿ ನಿಲ್ಲಿಸಿದರೆ ನಗೆಪಾಟಲು, ಮುಂದೆ ಸರಾಸರಿಗಿಂತ ಮೇಲು ಎಂದರ್ಥ. ಮೊದಲ ಅಂಕವನ್ನು ಸ್ಟಾಪ್‌ವಾಚ್, ರಾಡಾರ್, ಕ್ಯಾಮೆರಾ ಯಾವುದಾದರೂ ಹೇಳೀತು. ಎರಡನೆಯದು ಮನುಷ್ಯನ ಮಾತು. ನೂರು ವರ್ಷಗಳಿಂದ ಅಳತೆಯ ಸಾಧನಗಳೆಲ್ಲ ಮೊದಲ ಅಂಕವನ್ನು ತಿದ್ದಿತೀಡಿವೆ. ಎರಡನೆಯದರ ಪಾಡು ಹೆಚ್ಚೇನೂ ಬದಲಾಗಿಲ್ಲ.

ಓಟದ ಅಂಕವೊಂದರಲ್ಲಿ ಜಗಳಕ್ಕೆ ಎಡೆ ಕಡಿಮೆ. ಬಲಗೈ ಬ್ಯಾಟರ್ ಚೆಂಡು ಹೊಡೆದ ಗಳಿಗೆಯಿಂದ 90 ಅಡಿ ದೂರದ ಮೊದಲ ಬೇಸ್ ಮುಟ್ಟಲು 4.3 ಸೆಕೆಂಡ್ ಹಿಡಿದರೆ 50 ಅಂಕ, 4.2 ಆದರೆ 60, 4.1ಕ್ಕೆ 70. ಎಡಗೈಯವನಿಗೆ ಒಂದು ದಶಾಂಶ ಬಿಗಿ. ಅವನು ನಿಲ್ಲುವ ಜಾಗವೇ ಬೇಸ್‌ಗೆ ಒಂದೆರಡು ಹೆಜ್ಜೆ ಹತ್ತಿರ. ಕಣ್ಣೆವೆ ಬಡಿಯುವ ಹೊತ್ತಿಗಿಂತ ಹೆಚ್ಚಿಲ್ಲದ ಈ ಅಂತರಕ್ಕೆ ಒಬ್ಬ ಹುಡುಗನ ಬೆಲೆ ಏರುತ್ತದೆ, ಇಳಿಯುತ್ತದೆ. ಆಯ್ಕೆ ಶಿಬಿರಗಳಲ್ಲಿ 60 ಗಜದ ಓಟ ಇನ್ನೊಂದು ವಾಡಿಕೆಯ ಪರೀಕ್ಷೆ. ಕ್ಯಾಚರ್ ಆದರೆ, ಚೆಂಡು ಗ್ಲೌಸಿಗೆ ಬಿದ್ದಾಗಿನಿಂದ ಅವನ ಎಸೆತ ಎರಡನೇ ಬೇಸ್ ತಲುಪುವವರೆಗಿನ ಕಾಲ ಲೆಕ್ಕ. ಎರಡು ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಪಾಸು.

ಕಣ್ಣಳತೆಯ ಕಾಲ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಸ್ಕೌಟ್ ಎಂದರೆ ರೈಲು, ಹಳೆಯ ಕಾರು, ಅಗ್ಗದ ಹೋಟೆಲು. 1936ರಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕಾಗಿ ಸೈ ಸ್ಲಾಪ್ನಿಕಾ ಅಯೋವಾದ ಹೊಲಮನೆಯಿಂದ ಹಿಡಿದುತಂದ ಬಾಬ್ ಫೆಲ್ಲರ್‌ಗೆ ಆಗ ಹದಿನೇಳು ವರ್ಷ. ಮೊದಲ ಪೂರ್ಣ ಪಂದ್ಯದಲ್ಲೇ 15 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿ, ಋತು ಮುಗಿದೊಡನೆ ಹೈಸ್ಕೂಲಿನ ಕೊನೆಯ ವರ್ಷ ಓದಲು ಊರಿಗೆ ಮರಳಿದ. ಮೊಳಕೆಯ ಗಾದೆ ಗೆದ್ದ ಪಂದ್ಯಗಳಲ್ಲಿ ಇದೊಂದು.

ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಬ್ರಾಂಚ್ ರಿಕಿಯದು ಬೇರೆಯೇ ಲೆಕ್ಕಾಚಾರ. ಶ್ರೀಮಂತ ತಂಡಗಳೊಂದಿಗೆ ಹರಾಜಿನಲ್ಲಿ ಗೆಲ್ಲಲಾಗದು ಎಂದರಿತ ಅವನು 1920ರ ದಶಕದಲ್ಲಿ ಸಣ್ಣ ಊರುಗಳ ತಂಡಗಳನ್ನೇ ಕೊಂಡು ‘ಫಾರ್ಮ್’ ಪದ್ಧತಿ ಕಟ್ಟಿದ: ಅಗ್ಗಕ್ಕೆ ನೂರಾರು ಹುಡುಗರನ್ನು ತೆಗೆದುಕೊ, ಸಸಿಮಡಿಯಲ್ಲಿ ಬೆಳೆಸು, ಎತ್ತರಕ್ಕೆ ಬಂದದ್ದನ್ನು ಕಿತ್ತು ನೆಡು. ಮುಂದೆ ಬ್ರೂಕ್ಲಿನ್ ಡಾಜರ್ಸ್‌ಗೆ ಹೋದ ರಿಕಿ 1945ರಲ್ಲಿ ಸ್ಕೌಟ್ ಕ್ಲೈಡ್ ಸುಕ್‌ಫೋರ್ತ್‌ನನ್ನು ಕಳಿಸಿ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್‌ನನ್ನು ಕರೆಸಿಕೊಂಡ. 1947ರ ಏಪ್ರಿಲ್ 15ರಂದು ರಾಬಿನ್‌ಸನ್ ಮೈದಾನಕ್ಕಿಳಿದಾಗ ಮೇಜರ್ ಲೀಗ್‌ನ ವರ್ಣಭೇದದ ಗೋಡೆ ಒಡೆಯಿತು. ಅದುವರೆಗೆ ಸ್ಕೌಟ್‌ಗಳ ಕಣ್ಣಳತೆ ಎಷ್ಟೇ ಚೂಪಾಗಿದ್ದರೂ ದೇಶದ ಕಪ್ಪು ಹುಡುಗರತ್ತ ಅದು ತಿರುಗಿರಲಿಲ್ಲ ಎಂಬುದನ್ನು ಮರೆತು ಆ ಕಾಲವನ್ನು ಹೊಗಳುವವರು ಇಂದಿಗೂ ಇದ್ದಾರೆ.

ಆ ಗೋಡೆಯ ಆಚೆ ಬದಿಯಿಂದ ಬಂದ ದೊಡ್ಡ ಸ್ಕೌಟ್ ಬಕ್ ಓನೀಲ್. ನೀಗ್ರೋ ಲೀಗ್‌ನ ಕಾನ್ಸಾಸ್ ಸಿಟಿ ಮೊನಾರ್ಕ್ಸ್‌ನಲ್ಲಿ ಆಡಿ, ತಂಡ ನಡೆಸಿ, ಬಳಿಕ ಶಿಕಾಗೊ ಕಬ್ಸ್‌ಗೆ ಸ್ಕೌಟ್ ಆಗಿ ಲೂ ಬ್ರಾಕ್‌ನಂಥವರನ್ನು ತಂದವನು. ಬ್ಯಾಟಿಗೆ ಚೆಂಡು ತಗುಲುವ ಒಂದು ವಿಶೇಷ ಸದ್ದನ್ನು ಬದುಕಿನಲ್ಲಿ ಮೂವರಿಂದ ಮಾತ್ರ ಕೇಳಿದ್ದೇನೆ ಎಂದು ಅವನು ಹೇಳುತ್ತಿದ್ದ: ಹುಡುಗನಾಗಿದ್ದಾಗ ಬೇಬ್ ರೂತ್, ಆಮೇಲೆ ಜಾಶ್ ಗಿಬ್ಸನ್, ದಶಕಗಳ ನಂತರ ಬೋ ಜಾಕ್ಸನ್. ಸಂತೆಯಲ್ಲಿ ಮಡಕೆಯನ್ನು ಬೆರಳಿಂದ ತಟ್ಟಿ, ಕಿವಿಗೊಟ್ಟು ಕೊಳ್ಳುವ ಅಜ್ಜಿಯರ ವಿದ್ಯೆಯೂ ಇದೇ ಜಾತಿಯದು. ಇಂದು ಆ ಸದ್ದಿನ ಜಾಗದಲ್ಲಿ ಒಂದು ಅಂಕಿಯಿದೆ: ಬ್ಯಾಟಿನಿಂದ ಚೆಂಡು ಸಿಡಿಯುವ ವೇಗ. ಗಂಟೆಗೆ 95 ಮೈಲಿ ಮೀರಿದರೆ ‘ಗಟ್ಟಿ ಹೊಡೆತ’.

ಅಳೆಯುವ ಹಂಬಲ

ಅಳತೆಯ ಗೀಳು ಕಂಪ್ಯೂಟರಿಗಿಂತ ಬಹಳ ಹಳೆಯದು. 1912ರಲ್ಲಿ ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ಬಂದೂಕಿನ ಗುಂಡಿನ ವೇಗ ಅಳೆಯುವ ಪ್ರಯೋಗಾಲಯಕ್ಕೆ ಪಿಚರ್ ವಾಲ್ಟರ್ ಜಾನ್ಸನ್‌ನನ್ನು ಕರೆದೊಯ್ದು ಎಸೆಯಿಸಿದರು. ಬಂದದ್ದು ಸೆಕೆಂಡಿಗೆ 122 ಅಡಿ, ಅಂದರೆ ಗಂಟೆಗೆ 83 ಮೈಲಿ. 1921ರಲ್ಲಿ ಬೇಬ್ ರೂತ್‌ನನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗದಲ್ಲಿ ಕೂರಿಸಿ ಕಣ್ಣು, ಕಿವಿ, ಕೈಗಳ ಚುರುಕನ್ನು ಪರೀಕ್ಷಿಸಿದರು. ಫೆಲ್ಲರ್‌ನ ಎಸೆತವನ್ನು ಓಡುವ ಮೋಟಾರ್‌ಸೈಕಲ್ಲಿನ ಜೊತೆ ಪಂದ್ಯಕ್ಕೆ ಬಿಟ್ಟದ್ದೂ ಉಂಟು. 1946ರಲ್ಲಿ ವಾಷಿಂಗ್ಟನ್‌ನ ಗ್ರಿಫಿತ್ ಸ್ಟೇಡಿಯಮ್ಮಿನಲ್ಲಿ ಸೇನೆಯ ಯಂತ್ರವೊಂದು ಅವನ ಚೆಂಡಿನ ವೇಗವನ್ನು 98.6 ಮೈಲಿ ಎಂದು ತೋರಿಸಿತು.

ಇವೆಲ್ಲ ಜಾತ್ರೆಯ ಆಟಗಳು. ಕಸುಬನ್ನೇ ಬದಲಿಸಿದ್ದು ರಾಡಾರ್ ಗನ್. 1974ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಡ್ಯಾನಿ ಲಿಟ್‌ವೈಲರ್, ಕಾರುಗಳ ವೇಗ ಹಿಡಿಯಲು ಕ್ಯಾಂಪಸ್ ಪೊಲೀಸರು ತಂದ ರಾಡಾರನ್ನು ಕಂಡು, ಇದು ಚೆಂಡನ್ನೂ ಹಿಡಿದೀತೇ ಎಂದು ಕೇಳಿದ. ಹಿಡಿಯಿತು. ಜಗ್ಸ್ ಕಂಪನಿ ಅದನ್ನು ಆಟಕ್ಕೆ ಒಗ್ಗಿಸಿತು. ಕೆಲವೇ ವರ್ಷಗಳಲ್ಲಿ ಹೋಮ್ ಪ್ಲೇಟ್ ಹಿಂದಿನ ಸಾಲಿನಲ್ಲಿ ಕೂತವರ ಕೈಯಲ್ಲೆಲ್ಲ ಗನ್. ಮೊದಮೊದಲು ಗಲಿಬಿಲಿಯೂ ಆಯಿತು. ಕೈಯಿಂದ ಹೊರಟ ಚೆಂಡು 60 ಅಡಿ 6 ಅಂಗುಲ ದೂರದ ಪ್ಲೇಟ್ ತಲುಪುವಷ್ಟರಲ್ಲಿ ಗಾಳಿಗೆ ಸಿಕ್ಕಿ ನೂರಕ್ಕೆ ಸುಮಾರು ಎಂಟು ಪಾಲು ವೇಗ ಕಳೆದುಕೊಳ್ಳುತ್ತದೆ. ಒಂದು ಗನ್ ಕೈಯ ಬಳಿ ಅಳೆಯುತ್ತಿತ್ತು, ಇನ್ನೊಂದು ಪ್ಲೇಟಿನ ಬಳಿ. ಯಾರ ಗನ್ ‘ವೇಗದ್ದು’, ಯಾರದು ‘ನಿಧಾನದ್ದು’ ಎಂದು ಕೇಳಿಕೊಂಡೇ ಅಂಕಿಯನ್ನು ನಂಬಬೇಕಿತ್ತು. ಹಳೆಯ ಕಾಲದ ವೇಗಗಳು ಇಂದಿನವಕ್ಕಿಂತ ಪೇಲವ ಕಾಣಲು ಇದೂ ಒಂದು ಕಾರಣ.

2015ರಿಂದ ಮೇಜರ್ ಲೀಗ್‌ನ ಎಲ್ಲ ಮೈದಾನಗಳಲ್ಲಿ ಸ್ಟ್ಯಾಟ್‌ಕಾಸ್ಟ್ ಇದೆ: ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ಸುತ್ತಿತು, ಬ್ಯಾಟಿನಿಂದ ಎಷ್ಟು ಕೋನದಲ್ಲಿ ಎದ್ದಿತು, ಓಟಗಾರ ಸೆಕೆಂಡಿಗೆ ಎಷ್ಟು ಅಡಿ ಓಡಿದ (27 ಸರಾಸರಿ, 30 ಮುಟ್ಟಿದವರು ವಿರಳ) ಎಲ್ಲವೂ ದಾಖಲು. ಟ್ರ್ಯಾಕ್‌ಮ್ಯಾನ್, ರ‍್ಯಾಪ್ಸೋಡೊ ಮುಂತಾದ ಯಂತ್ರಗಳು ಕಾಲೇಜು ಮೈದಾನಗಳಿಗೂ ಖಾಸಗಿ ತರಬೇತಿ ಶೆಡ್ಡುಗಳಿಗೂ ಇಳಿದಿವೆ. 2021ರಿಂದ ಲೀಗ್ ಆಯ್ಕೆಗೆ ಮುನ್ನ ಹುಡುಗರನ್ನು ಒಂದೆಡೆ ಸೇರಿಸಿ ದೇಹ, ಚಲನೆ, ವೈದ್ಯಕೀಯ ಪರೀಕ್ಷೆ ನಡೆಸುತ್ತದೆ. ಕಾಲೇಜು ಹುಡುಗನ ಬ್ಯಾಟಿಂಗ್ ಅಳೆಯುವಲ್ಲಿ ಮಾತ್ರ ಹಳೆಯದೊಂದು ತೊಡಕಿದೆ: ಶಾಲೆ–ಕಾಲೇಜುಗಳಲ್ಲಿ ಆಡುವುದು ಲೋಹದ ಬ್ಯಾಟಿನಿಂದ, ವೃತ್ತಿಯಲ್ಲಿ ಮರದ್ದು. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಬೇಸಿಗೆ ಲೀಗ್‌ಗೆ ಸ್ಕೌಟ್‌ಗಳು ಮುಗಿಬೀಳುವುದು ಅಲ್ಲಿ ಮರದ ಬ್ಯಾಟ್ ಬಳಸುವುದರಿಂದಲೇ.

ಕಾನ್ಸಾಸ್ ಸಿಟಿಯ ಪ್ರಯೋಗ

ಅಳತೆಯ ಇತಿಹಾಸದಲ್ಲಿ ಎಲ್ಲಕ್ಕಿಂತ ದಿಟ್ಟ ಪ್ರಯೋಗ ನಡೆದದ್ದು ಕಂಪ್ಯೂಟರುಗಳು ಎಲ್ಲೆಡೆ ಹರಡುವ ಮುಂಚೆ. ಔಷಧ ಉದ್ಯಮಿ ಯೂಯಿಂಗ್ ಕಾಫ್‌ಮನ್ ಹೊಸದಾಗಿ ಕಾನ್ಸಾಸ್ ಸಿಟಿ ರಾಯಲ್ಸ್ ತಂಡ ಕಟ್ಟಿದಾಗ ಅವನಿಗೆ ಹೊಳೆದ ಪ್ರಶ್ನೆ ಸರಳ: ಎಲ್ಲ ಸ್ಕೌಟ್‌ಗಳೂ ಒಂದೇ ರಾಶಿಯಲ್ಲಿ ಕೈಯಾಡಿಸುತ್ತಿದ್ದಾರೆ, ಬೇಸ್‌ಬಾಲ್ ಆಡದ, ಆದರೆ ಓಟ, ಕಣ್ಣು, ಸಮತೋಲ ಚೆನ್ನಾಗಿರುವ ಹುಡುಗರನ್ನು ತಂದು ಆಟ ಕಲಿಸಿದರೆ? 1970ರಲ್ಲಿ ದೇಶಾದ್ಯಂತ ಆಯ್ಕೆ ಶಿಬಿರ ನಡೆಸಿ, ಏಳು ಸಾವಿರಕ್ಕೂ ಹೆಚ್ಚು ಜನರನ್ನು ಓಡಿಸಿ, ಕಣ್ಣು ನೋಡಿ, ಮನೋಪರೀಕ್ಷೆ ಮಾಡಿ, ನಲವತ್ತು ಚಿಲ್ಲರೆ ಹುಡುಗರನ್ನು ಫ್ಲಾರಿಡಾದ ಸರಸೋಟಾದಲ್ಲಿ ಕಟ್ಟಿದ ಅಕಾಡೆಮಿಗೆ ಸೇರಿಸಿಕೊಂಡರು.

ತಂಡದೊಳಗಿನ ಹಳೆಯ ಸ್ಕೌಟ್‌ಗಳು ಮೊದಲ ದಿನದಿಂದಲೇ ಮುಖ ಸಿಂಡರಿಸಿದರು. ಖರ್ಚು ಹೆಚ್ಚಾಯಿತು, 1974ರಲ್ಲಿ ಅಕಾಡೆಮಿ ಮುಚ್ಚಿತು. ಸೋತಿತೆಂದು ಷರಾ ಬರೆಯುವ ಮುನ್ನ ಒಬ್ಬನ ಹೆಸರು ಹೇಳಬೇಕು: ಫ್ರಾಂಕ್ ವೈಟ್. ಕಾನ್ಸಾಸ್ ಸಿಟಿಯ ಆ ಹುಡುಗನ ಹೈಸ್ಕೂಲಿನಲ್ಲಿ ಬೇಸ್‌ಬಾಲ್ ತಂಡವೇ ಇರಲಿಲ್ಲ. ರಾಯಲ್ಸ್‌ನ ಹೊಸ ಸ್ಟೇಡಿಯಂ ಕಟ್ಟುವಾಗ ಕೂಲಿ ಕೆಲಸ ಮಾಡಿದ್ದ ಅವನು, ಅದೇ ಮೈದಾನದಲ್ಲಿ ಎರಡನೇ ಬೇಸ್ ಕಾದು ಎಂಟು ಗೋಲ್ಡ್ ಗ್ಲೌವ್ ಪ್ರಶಸ್ತಿ ಗೆದ್ದ. ಯು. ಎಲ್. ವಾಷಿಂಗ್ಟನ್ ಮತ್ತು ರಾನ್ ವಾಷಿಂಗ್ಟನ್ ಕೂಡ ಅಲ್ಲಿಂದ ಬಂದವರು. ನಾಲ್ಕೇ ವರ್ಷಗಳಲ್ಲಿ ಇಷ್ಟು ಫಸಲು ಕೊಟ್ಟ ಹೊಲವನ್ನು ಪಾಳು ಬಿಟ್ಟದ್ದು ಆತುರದ ತೀರ್ಮಾನ ಎಂದೇ ಹೇಳಬೇಕಾಗುತ್ತದೆ.

ಡ್ರಾಫ್ಟ್ ಎಂಬ ಪಗಡೆ

1965ರಲ್ಲಿ ಅಮೆಚೂರ್ ಡ್ರಾಫ್ಟ್ ಬಂದಾಗಿನಿಂದ ಹುಡುಗನ ಮನೆಬಾಗಿಲಲ್ಲಿ ಹಣದ ಚೀಲ ಹಿಡಿದು ಕಾಯುವ ಸ್ಪರ್ಧೆ ನಿಂತು, ತಂಡಗಳು ಸರದಿಯಂತೆ ಆರಿಸತೊಡಗಿದವು. ಮೊದಲ ವರ್ಷದ ಮೊದಲ ಹೆಸರು ರಿಕ್ ಮಂಡೇ. ಮರುವರ್ಷವೇ ನ್ಯೂಯಾರ್ಕ್ ಮೆಟ್ಸ್, ರೆಜಿ ಜಾಕ್ಸನ್‌ನನ್ನು ಬಿಟ್ಟು ಕ್ಯಾಚರ್ ಸ್ಟೀವ್ ಚಿಲ್ಕಾಟ್‌ನನ್ನು ಮೊದಲಿಗೆ ಆರಿಸಿತು. ಚಿಲ್ಕಾಟ್ ಮೇಜರ್ ಲೀಗ್ ಮೆಟ್ಟಿಲು ಹತ್ತಲೇ ಇಲ್ಲ. 1991ರಲ್ಲಿ ಯಾಂಕೀಸ್ ಮೊದಲಿಗೆ ಆರಿಸಿದ ಎಡಗೈ ಪಿಚರ್ ಬ್ರಿಯೆನ್ ಟೇಲರ್ 1993ರ ಡಿಸೆಂಬರಿನಲ್ಲಿ ಒಂದು ಹೊಡೆದಾಟದಲ್ಲಿ ಭುಜ ಕಳೆದುಕೊಂಡ. ಯಾವ ಅಳತೆಗೋಲು ಅದನ್ನು ಮುಂಗಂಡೀತು?

ಇನ್ನೊಂದು ತುದಿಯ ಕತೆಗಳೂ ಅಷ್ಟೇ ಗಟ್ಟಿ. ಮೈಕ್ ಪಿಯಾಜಾ 1988ರಲ್ಲಿ 62ನೇ ಸುತ್ತಿನಲ್ಲಿ, 1,390ನೆಯವನಾಗಿ, ಡಾಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡಾಗೆ ತನ್ನ ತಂದೆಯೊಂದಿಗಿದ್ದ ಸ್ನೇಹದ ದಾಕ್ಷಿಣ್ಯದಿಂದ ಆಯ್ಕೆಯಾದವನು. 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದ. 703 ಹೋಮ್‌ರನ್‌ಗಳ ಆಲ್ಬರ್ಟ್ ಪೂಹೋಲ್ಸ್ 1999ರಲ್ಲಿ 13ನೇ ಸುತ್ತಿನವರೆಗೆ ಕಾಯಬೇಕಾಯಿತು. 2009ರಲ್ಲಿ ಏಂಜಲ್ಸ್ ತಂಡಕ್ಕೆ 24 ಮತ್ತು 25ನೇ ಆಯ್ಕೆಗಳು ಒಟ್ಟಿಗೆ ಬಂದವು. 24ನೆಯದಾಗಿ ಬೇರೊಬ್ಬನನ್ನು ಕರೆದು, 25ನೆಯದಾಗಿ ಮೈಕ್ ಟ್ರೌಟ್‌ನನ್ನು ಕರೆಯಿತು. ಟ್ರೌಟ್ ನ್ಯೂಜೆರ್ಸಿಯ ಹುಡುಗ. ಆ ಚಳಿಯ ಸೀಮೆಯಲ್ಲಿ ಶಾಲಾ ಪಂದ್ಯಗಳು ಕಡಿಮೆ, ನೋಡಲು ಬರುವವರೂ ಕಡಿಮೆ. ಅವನ ಮೇಲೆ ಪಟ್ಟು ಹಿಡಿದ ಸ್ಕೌಟ್ ಗ್ರೆಗ್ ಮೋರ್‌ಹಾರ್ಟ್ ಹಿಂದೆ ಟ್ರೌಟ್‌ನ ಅಪ್ಪನೊಂದಿಗೇ ಮೈನರ್ ಲೀಗ್ ಆಡಿದ್ದವನು. ಬೀಜ ಗೊತ್ತಿದ್ದವನಿಗೆ ಮೊಳಕೆಯ ಗುರುತು ಸುಲಭ.

ಸ್ಕೌಟ್‌ಗಳ ಕಣ್ಣಿಗೆ ಎಲ್ಲ ರೀತಿಯಲ್ಲೂ ಒಪ್ಪಿದ ಮೈಕಟ್ಟಿನ ಹುಡುಗನಾಗಿ 1980ರ ಮೊದಲ ಸುತ್ತಿನಲ್ಲೇ ಆರಿಸಲ್ಪಟ್ಟು, ಆಟಗಾರನಾಗಿ ಸೋತ ಬಿಲ್ಲಿ ಬೀನ್ ಮುಂದೆ ಓಕ್‌ಲ್ಯಾಂಡ್ ತಂಡದ ಜನರಲ್ ಮ್ಯಾನೇಜರ್ ಆಗಿ ಕಣ್ಣಳತೆಯ ಮೇಲೆ ಸೇಡು ತೀರಿಸಿಕೊಂಡದ್ದು ಮೈಕಲ್ ಲೂಯಿಸ್‌ನ 2003ರ ‘ಮನಿಬಾಲ್’ ಪುಸ್ತಕದಿಂದ ಜಗತ್ತಿಗೆ ತಿಳಿದಿದೆ. ಹೈಸ್ಕೂಲಿನ ಹುಡುಗರಿಗಿಂತ ಕಾಲೇಜಿನ ಆಟಗಾರರ ಮೇಲೆ ಹೂಡಿದ ಹಣವೇ ಹೆಚ್ಚು ಫಲ ಕೊಡುತ್ತದೆ ಎಂದು ಬೇಸ್‌ಬಾಲ್ ಅಂಕಿಅಂಶಗಳ ಲೇಖಕ ಬಿಲ್ ಜೇಮ್ಸ್ 1980ರ ದಶಕದಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಕಾರಣ ಸರಳ: ಇಪ್ಪತ್ತೊಂದರವನ ಎರಡು ಅಂಕಗಳ ನಡುವಿನ ಕಂದಕ ಹದಿನೆಂಟರವನದಕ್ಕಿಂತ ಕಿರಿದು.

ವಯಸ್ಸಿನ ಲೆಕ್ಕ

ಎಳೆಯರನ್ನು ಅಳೆಯುವಾಗ ಮೋಸ ಮಾಡುವ ಮೊದಲ ವಸ್ತು ವಯಸ್ಸು. ಅಮೆರಿಕದ ಬಾಲಕರ ಲೀಗ್‌ಗಳಲ್ಲಿ ದೀರ್ಘಕಾಲ ವಯೋಮಿತಿಯ ಗಡಿ ಜುಲೈ 31 ಆಗಿತ್ತು. ಆಗಸ್ಟ್‌ನಲ್ಲಿ ಹುಟ್ಟಿದವನು ತನ್ನ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ. ಹತ್ತು ವರ್ಷದವರ ನಡುವೆ ಹನ್ನೊಂದು ತಿಂಗಳ ಮೈಬಲ ಸಣ್ಣದಲ್ಲ. ಅದನ್ನು ಪ್ರತಿಭೆಯೆಂದು ಓದಿದ ಕೋಚ್‌ಗಳು ಅವನನ್ನು ಹೆಚ್ಚು ಆಡಿಸಿದರು. ಅಮೆರಿಕದಲ್ಲಿ ಹುಟ್ಟಿದ ಮೇಜರ್ ಲೀಗ್ ಆಟಗಾರರಲ್ಲಿ ಆಗಸ್ಟ್ ಸಂತಾನ ಜುಲೈ ಸಂತಾನಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಾಗಿದ್ದುದು ಹೀಗೆ.

ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾಗಳಲ್ಲಿ ಡ್ರಾಫ್ಟ್ ಇಲ್ಲ. ಹದಿನಾರು ತುಂಬಿದವನೊಂದಿಗೆ ತಂಡಗಳು ನೇರ ಒಪ್ಪಂದ ಮಾಡಿಕೊಳ್ಳುತ್ತವೆ. ಡಾಜರ್ಸ್ 1987ರಲ್ಲಿ ಕಾಂಪೋ ಲಾಸ್ ಪಾಲ್ಮಾಸ್ ಅಕಾಡೆಮಿ ತೆರೆದ ಮೇಲೆ ಉಳಿದ ತಂಡಗಳೂ ಅಲ್ಲಿ ನೆಲೆಯೂರಿದವು. ಹುಡುಗರನ್ನು ಹನ್ನೆರಡು ಹದಿಮೂರರಲ್ಲೇ ಹಿಡಿದು, ಉಣಿಸಿ, ತರಬೇತಿ ಕೊಟ್ಟು, ಬೋನಸ್ಸಿನಲ್ಲಿ ಪಾಲು ಪಡೆಯುವ ದಲ್ಲಾಳಿಗಳಿಗೆ ಅಲ್ಲಿ ‘ಬುಸ್ಕೋನ್’ ಎಂದು ಹೆಸರು. ದನದ ಜಾತ್ರೆಯಲ್ಲಿ ಹಲ್ಲೆಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ಹೋರಿ ಕೊಳ್ಳುವುದನ್ನು ಕಂಡವರಿಗೆ ಆ ಶಿಬಿರಗಳ ನೋಟ ಹೊಸದೆನಿಸದು. ಹೋಲಿಕೆ ಹಿತವಾದುದಲ್ಲ, ಆ ವ್ಯಾಪಾರವೂ ಹಿತವಾದುದಲ್ಲ. ವಾಷಿಂಗ್ಟನ್ ನ್ಯಾಷನಲ್ಸ್ 2006ರಲ್ಲಿ 14 ಲಕ್ಷ ಡಾಲರ್ ಕೊಟ್ಟ ಹದಿನಾರರ ‘ಎಸ್ಮೈಲಿನ್ ಗೊನ್ಸಾಲೆಸ್’ ನಿಜದಲ್ಲಿ ಬೇರೆ ಹೆಸರಿನ, ನಾಲ್ಕು ವರ್ಷ ದೊಡ್ಡ ಯುವಕನೆಂದು 2009ರಲ್ಲಿ ಬಯಲಾಯಿತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1ನ್ನೇ ಹುಟ್ಟುಹಬ್ಬ ಮಾಡಿಕೊಂಡ ನಮ್ಮ ಹಿಂದಿನ ತಲೆಮಾರಿಗೆ ಇಂಥ ಕಾಗದಗಳ ಮಹಿಮೆ ವಿವರಿಸಬೇಕಿಲ್ಲ. ನಮ್ಮ ಕ್ರಿಕೆಟ್ ಮಂಡಳಿ ಕಿರಿಯರ ಮಣಿಕಟ್ಟಿನ ಎಕ್ಸ್‌ರೇ ತೆಗೆಸುವುದೂ ಇದೇ ಕಾಯಿಲೆಗೆ.

ಅಳತೆಗೆ ಸಿಕ್ಕದವನ ಉದಾಹರಣೆಯೂ ಇಲ್ಲೇ ಇದೆ. ವೆನೆಜುವೆಲಾದ ಮರಕಾಯ್‌ನಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ನಡೆಸಿದ ಶಿಬಿರದಿಂದ ಕುಳ್ಳನೆಂದು ಮನೆಗೆ ಕಳಿಸಲ್ಪಟ್ಟ ಹೊಸೆ ಆಲ್ಟೂವೆ, ಅಪ್ಪನ ಮಾತಿನಂತೆ ಮರುದಿನ ಮತ್ತೆ ಬಂದು ನಿಂತ. 2007ರಲ್ಲಿ 15 ಸಾವಿರ ಡಾಲರಿಗೆ ಸೇರಿಸಿಕೊಂಡರು. 2017ರಲ್ಲಿ ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ ಅವನೇ.

ಅಂಕಿಯೇ ಗುರಿಯಾದಾಗ

ಎಲ್ಲ ಹುಡುಗರಿಗೂ ತಮ್ಮ ಅಂಕಿ ಗೊತ್ತಾಗತೊಡಗಿದ ಮೇಲೆ ಆಟವೇ ಬದಲಾಯಿತು. ಅಯೋವಾದಲ್ಲಿ 1990ರ ದಶಕದಲ್ಲಿ ಶುರುವಾದ ‘ಪರ್ಫೆಕ್ಟ್ ಗೇಮ್’ನಂಥ ಸಂಸ್ಥೆಗಳ ‘ಶೋಕೇಸ್’ ಶಿಬಿರಗಳಲ್ಲಿ ಹುಡುಗರು ಶುಲ್ಕ ಕಟ್ಟಿ ಬಂದು ಓಡುತ್ತಾರೆ, ಎಸೆಯುತ್ತಾರೆ; ವೇಗ, ಶ್ರೇಯಾಂಕ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತವೆ. ಸ್ಕೌಟ್‌ಗೆ ಇದು ವರ: ಹತ್ತು ಊರು ಸುತ್ತಿ ನೋಡುವುದನ್ನು ಒಂದೇ ಮಧ್ಯಾಹ್ನ ನೋಡಬಹುದು. ಹುಡುಗನ ಮೊಣಕೈಗೆ ಶಾಪ. ಮೂವತ್ತು ಗನ್‌ಗಳು ತನ್ನತ್ತ ತಿರುಗಿರುವಾಗ ಹದಿನೈದರ ಪಿಚರ್ ಬ್ಯಾಟರ್‌ನನ್ನು ಯಾಮಾರಿಸಲು ಎಸೆಯುವುದಿಲ್ಲ, ಗನ್ನಿಗಾಗಿ ಎಸೆಯುತ್ತಾನೆ.

ಮೇಜರ್ ಲೀಗ್‌ನ ಸರಾಸರಿ ಫಾಸ್ಟ್‌ಬಾಲ್ ವೇಗ 2008ರ ಸುಮಾರಿಗೆ 91–92 ಮೈಲಿ ಇದ್ದದ್ದು ಈಗ 94ಕ್ಕೆ ಬಂದಿದೆ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಮೊದಲಿಗೆ ಮಾಡಿದ, ಆ ರೋಗಿಯ ಹೆಸರಿನಿಂದಲೇ ‘ಟಾಮಿ ಜಾನ್’ ಎಂದು ಕರೆಯುವ ಮೊಣಕೈ ಅಸ್ಥಿರಜ್ಜು ಶಸ್ತ್ರಚಿಕಿತ್ಸೆ ಒಂದು ಕಾಲಕ್ಕೆ ಮಾಗಿದ ವೃತ್ತಿಪರರದಾಗಿತ್ತು. ಈಗ ಹೈಸ್ಕೂಲಿನವರೂ ಸಾಲಿನಲ್ಲಿದ್ದಾರೆ. ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್ 2007ರಲ್ಲಿ ಎಸೆತಗಳ ಎಣಿಕೆಗೆ ಮಿತಿ ತಂದಿತು. 2014ರ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿಯ ಪ್ರಕಾರ ಒಂಬತ್ತು–ಹತ್ತು ವರ್ಷದವರಿಗೆ ದಿನಕ್ಕೆ 75 ಎಸೆತ, ಹದಿಮೂರರಿಂದ ಹದಿನಾರರವರಿಗೆ 95, ಹದಿನೇಳು–ಹದಿನೆಂಟಕ್ಕೆ 105. ನಡುವೆ ಕಡ್ಡಾಯ ವಿಶ್ರಾಂತಿ ದಿನಗಳು. 2024ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಸ್ವತಃ ಹೊರತಂದ ವರದಿ ಗಾಯಗಳ ಹೆಚ್ಚಳಕ್ಕೆ ವೇಗದ ಬೆನ್ನು ಹತ್ತಿದ್ದನ್ನೂ ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುವ ರೂಢಿಯನ್ನೂ ಮುಂದಿಟ್ಟಿತು. ವೇಗಕ್ಕೆ ಬೆಲೆ ಕಟ್ಟಿದವರೂ ಅದೇ ಲೀಗ್‌ನ ತಂಡಗಳು.

ಜಪಾನ್

ಜಪಾನಿನಲ್ಲಿ ಶೋಕೇಸ್ ಎಂದರೆ ಕೋಶಿಯೆನ್, ರಾಷ್ಟ್ರೀಯ ಹೈಸ್ಕೂಲು ಪಂದ್ಯಾವಳಿ. 1998ರಲ್ಲಿ ದೈಸುಕೆ ಮತ್ಸುಜಾಕಾ ಅಲ್ಲಿ 17 ಇನ್ನಿಂಗ್ಸ್‌ನ ಒಂದೇ ಪಂದ್ಯದಲ್ಲಿ 250 ಚೆಂಡು ಎಸೆದದ್ದನ್ನು ದೇಶ ಸಾಹಸಗಾಥೆಯಂತೆ ನೆನೆಯುತ್ತದೆ. ವಾರಕ್ಕೆ 500ರ ಮಿತಿ ಬಂದದ್ದು 2020ರಲ್ಲಿ. ಇಚಿರೊ ಸುಜುಕಿಯಂಥವನನ್ನು 1991ರಲ್ಲಿ ನಾಲ್ಕನೇ ಸುತ್ತಿನವರೆಗೆ ಬಿಟ್ಟದ್ದು ಅಲ್ಲಿನ ಸ್ಕೌಟ್‌ಗಳ ಪ್ರಸಿದ್ಧ ಎಡವಟ್ಟು. ಶೊಹೆಯಿ ಒಹ್ತಾನಿಯದು ತನ್ನನ್ನು ತಾನೇ ಅಳೆದುಕೊಂಡ ಪ್ರಕರಣ: ಹೈಸ್ಕೂಲಿನ ಮೊದಲ ವರ್ಷದಲ್ಲಿ ಗುರಿಗಳ ಚೌಕಪಟ್ಟಿ ಬರೆದು ಗಂಟೆಗೆ 160 ಕಿ.ಮೀ. ವೇಗ ಎಂದು ಒಂದು ಮನೆಯಲ್ಲಿ ನಮೂದಿಸಿದ. 2012ರಲ್ಲಿ, ಶಾಲೆ ಬಿಡುವ ಮುಂಚೆ, ಅದನ್ನು ಮುಟ್ಟಿದ. ಅದೇ ಪಟ್ಟಿಯಲ್ಲಿ ಕಸ ಹೆಕ್ಕುವುದೂ ಒಂದು ಮನೆ ತುಂಬಿತ್ತು.

ಭಾರತದ ನಂಟು

2008ರಲ್ಲಿ ಅಮೆರಿಕದ ಕ್ರೀಡಾ ಏಜೆಂಟ್ ಜೆ. ಬಿ. ಬರ್ನ್‌ಸ್ಟೈನ್ ಭಾರತದಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಸ್ಪರ್ಧೆ ನಡೆಸಿದ. ಕ್ರಿಕೆಟ್ ದೇಶದಲ್ಲಿ ವೇಗದ ಬೌಲರ್‌ಗಳಿದ್ದಾರೆ, ಅವರಲ್ಲೊಬ್ಬ ಪಿಚರ್ ಇದ್ದೇ ಇರಬೇಕು ಎಂಬುದು ಅವನ ಎಣಿಕೆ. ಸಾವಿರಾರು ಹುಡುಗರು ರಾಡಾರ್ ಮುಂದೆ ಎಸೆದರು. ಗೆದ್ದವರು ಕ್ರಿಕೆಟಿಗರಲ್ಲ, ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಇದರಲ್ಲಿ ಅಚ್ಚರಿಯಿಲ್ಲ: ಮೊಣಕೈ ನೆಟ್ಟಗಿಟ್ಟು ಬೌಲ್ ಮಾಡುವ ತೋಳಿಗಿಂತ ಭರ್ಚಿ ಎಸೆಯುವ ತೋಳು ಪಿಚರ್‌ನ ತೋಳಿಗೆ ಹತ್ತಿರದ ಬಂಧು. ರಿಂಕುವಿನ ವೇಗ 87 ಮೈಲಿ, ಬಹುಮಾನ ಒಂದು ಲಕ್ಷ ಡಾಲರ್. ಇಬ್ಬರೂ ಕ್ಯಾಲಿಫೋರ್ನಿಯಾದಲ್ಲಿ ಪಿಚಿಂಗ್ ಕೋಚ್ ಟಾಮ್ ಹೌಸ್ ಬಳಿ ಆಟದ ಅಕ್ಷರಾಭ್ಯಾಸ ಮಾಡಿ, ಅದೇ ನವೆಂಬರಿನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ದಿನೇಶ್ 2010ರಲ್ಲಿ ಮರಳಿದ. ರಿಂಕು ಕೆಲವು ವರ್ಷ ಕೆಳ ಹಂತಗಳಲ್ಲಿ ಚೆನ್ನಾಗಿಯೇ ಎಸೆದು, ಗಾಯಗಳಿಂದ ಬಳಲಿ, ಕೊನೆಗೆ ‘ವೀರ್ ಮಹಾನ್’ ಎಂಬ ಹೆಸರಿನ ಕುಸ್ತಿಪಟುವಾದ. ಇವರ ಕತೆ 2014ರಲ್ಲಿ ಡಿಸ್ನಿ ಚಿತ್ರವಾಯಿತು.

ತಾಯಿಯ ಕಡೆಯಿಂದ ಭಾರತೀಯ ಮೂಲದ ಕುಮಾರ್ ರಾಕರ್‌ನ ದಾರಿ ಬೇರೆ. 2019ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪರ ಡ್ಯೂಕ್ ವಿರುದ್ಧ ಒಂದೂ ಹಿಟ್ ಕೊಡದೆ 19 ಸ್ಟ್ರೈಕ್‌ಔಟ್ ಮಾಡಿದವನಲ್ಲಿ ಸ್ಕೌಟ್‌ಗಳಿಗೆ ನೋಡಲು ಇನ್ನೇನೂ ಉಳಿದಿರಲಿಲ್ಲ. 2021ರಲ್ಲಿ ಮೆಟ್ಸ್ ತಂಡ ಅವನನ್ನು ಹತ್ತನೆಯವನಾಗಿ ಆರಿಸಿತು. ಆಮೇಲೆ ತೋಳಿನ ವೈದ್ಯಕೀಯ ಚಿತ್ರಗಳನ್ನು ನೋಡಿ ಒಪ್ಪಂದ ಕೈಬಿಟ್ಟಿತು. ಮರುವರ್ಷ ಟೆಕ್ಸಾಸ್ ರೇಂಜರ್ಸ್ ಅದೇ ತೋಳನ್ನು ಮೂರನೇ ಸ್ಥಾನದಲ್ಲಿ, 52 ಲಕ್ಷ ಡಾಲರ್ ಕೊಟ್ಟು ತೆಗೆದುಕೊಂಡಿತು. 2023ರಲ್ಲಿ ರಾಕರ್‌ಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಅವನು ಮೇಜರ್ ಲೀಗ್‌ನಲ್ಲಿ ತನ್ನ ಮೊದಲ ಚೆಂಡು ಎಸೆದ.